ಅಲ್ಮಾಸಳ ಮೂರು ವಿಕೆಟ್

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟು ಸ್ಟಂಪು ಹಾರುವ ದೃಶ್ಯದಿಂದ ಶುರುವಾಗಿತ್ತು. ಹರಿದು ಹಾಕಿದೆ. ಆ ಪಂದ್ಯ ಟೀವಿಯಲ್ಲಿ ಬಂದಿರಲಿಲ್ಲ, ನಾನು ನೋಡಿಯೂ ಇಲ್ಲ. ಕಾಣದ ಸ್ಟಂಪನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಹಾರಿಸುವ ಜಾತಿ ನಮ್ಮದು, ಕತೆಗಾರರದು.

೧

ಆದದ್ದು ಇಷ್ಟು. ಹುನಗುಂದದಲ್ಲಿ ನನ್ನ ಬಟ್ಟೆ ಹೊಲಿಯುವ ಟೇಲರ್ ಅಮೀನಸಾಬರು. ಅವರ ಒಬ್ಬಳೇ ಮಗಳು, ತಾಯಿಯಿಲ್ಲದ ಅಲ್ಮಾಸ, ವೇಗದ ಬೌಲರ್. ಹತ್ತೊಂಬತ್ತಕ್ಕೇ ರಾಜ್ಯದ ಮಹಿಳಾ ತಂಡಕ್ಕೆ ಆಯ್ಕೆಯಾದಳು. ಹೊರಡುವ ವಾರ, ಬಲಭುಜ ನೋಯುತ್ತಿದೆ ಎಂದು ತಂದೆಗೆ ಹೇಳಿದಳು. ಅವರು ಎಣ್ಣೆ ಬಿಸಿ ಮಾಡಿ ತಿಕ್ಕಿದರು.

“ಮೊದಲನೇ ಮ್ಯಾಚ್ ಐತಿ ಬೇಟಾ. ಆಡಿ ಬಾ. ಬಂದ ಮ್ಯಾಲ ಬಾಗಲಕೋಟಿ ದವಾಖಾನಿಗೆ ಹೋಗೂಣು.”

(ಮನೆಯಲ್ಲಿ ಅವರು ಆಡುವುದು ಉರ್ದು. ನನಗೆ ಹೇಳುವಾಗ ಅಮೀನಸಾಬರು ಕನ್ನಡದಲ್ಲಿ ಹೇಳಿದರು. ನಡುವೆ ಏನು ಕಳೆಯಿತೋ ಗೊತ್ತಿಲ್ಲ.)

೨

ಅವಳ ಮೊದಲ ಓವರಿನಲ್ಲೇ ಒಂದು ವಿಕೆಟ್. ಆರು ಓವರ್ ಮುಗಿಯುವಷ್ಟರಲ್ಲಿ ಮೂರು. ಅವಳು ಭುಜ ಒತ್ತಿಕೊಳ್ಳುವುದನ್ನು ನೋಡಿ ತಂಡದ ನಾಯಕಿ ಹತ್ತಿರ ಬಂದಳು.

“ಇನ್ನೊಂದ್ ಓವರ್ ಮಾಡ್ತೀಯಾ?”

“ಮಾಡ್ತೇನ್ರಿ ಅಕ್ಕಾ.”

ಏಳನೇ ಓವರಿನ ಎರಡನೇ ಚೆಂಡು ಅವಳ ಕಾಲ ಬಳಿಯೇ ಬಿತ್ತು. ಮರುದಿನದ ಪೇಪರಿನಲ್ಲಿ ‘ಭರವಸೆಯ ಬೌಲರ್’ ಎಂದು ಬಂತು. ಆಮೇಲೆ ಎರಡು ಆಪರೇಷನ್. ಈಗ ಒಂದೂವರೆ ವರ್ಷವಾಯಿತು. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ.

೩

ಎರಡನೇ ಡ್ರಾಫ್ಟಿನಲ್ಲಿ ನಾನು ಅವಳನ್ನು ಮತ್ತೆ ಮೈದಾನಕ್ಕೆ ಇಳಿಸಿದೆ. (ನಾಚಿಕೆಯಿಲ್ಲದೆ ಚಪ್ಪಾಳೆಯನ್ನೂ ಹಾಕಿಸಿದೆ.) ಬಾಗಲಕೋಟೆಯ ವಿದ್ಯಾಗಿರಿಯ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿರುವ ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ.

“ಸರ್, ಈ ಹುಡುಗಿ ಯಾರ್ರಿ?”

“ನೀನ.”

“ನಾ ಅಲ್ರಿ. ಮ್ಯಾಲಿನ ಕಪಾಟಿನ್ಯಾಗ ಪುಸ್ತಕ ಇಡಾಕ ಬರಂಗಿಲ್ಲ ನನಗ.”

ಆ ಪುಟವನ್ನೂ ಹರಿದೆ.

೪

ಅಮೀನಸಾಬರು ಪ್ಯಾಂಟಿನ ಅಳತೆ ತೆಗೆಯುತ್ತಿದ್ದವರು ಟೇಪನ್ನು ಕೊರಳಿಗೆ ಹಾಕಿಕೊಂಡು ನಿಂತರು.

“ಬರಿಯೂದಾದ್ರ, ಅಕಿ ಆ ಮ್ಯಾಚ್ ಆಡ್ಲೇ ಇಲ್ಲ ಅಂತ ಬರೀರಿ. ನೋವು ಅಂದ ದಿನಾನ ಅಪ್ಪ ದವಾಖಾನಿಗೆ ಕರಕೊಂಡು ಹೋದ ಅಂತ ಬರೀರಿ. ಕಥಿಯೊಳಗರ ನನಗ ಬುದ್ಧಿ ಇರಲಿ.”

ಹಾಗೆಯೇ ಬರೆದೆ. ತಂದೆ ಮಗಳು ಬಾಗಲಕೋಟೆಯ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಶೇಂಗಾ ತಿನ್ನುತ್ತಾರೆ. ಡಾಕ್ಟರು ಆರು ತಿಂಗಳು ವಿಶ್ರಾಂತಿ ಅನ್ನುತ್ತಾರೆ. ಅವಳ ಜಾಗದಲ್ಲಿ ಬೇರೆ ಯಾರೋ ಆಡುತ್ತಾರೆ. ನಾನು ಬರೆದವುಗಳಲ್ಲೆಲ್ಲ ಚೆಂದದ ಡ್ರಾಫ್ಟ್ ಅದು.

ಅದನ್ನೂ ಅಲ್ಮಾಸಳಿಗೆ ಓದಿದೆ.

“ನಮ್ಮ ಅಬ್ಬಾ ಹೇಳಿದ್ರೇನ್ರಿ ಹಿಂಗ ಬರೀರಿ ಅಂತ?”

“ಹೂಂ.”

“ಅವರು ಎಣ್ಣಿ ತಿಕ್ಕಿದ್ದು ನಾ ಯಾರಿಗೂ ಹೇಳಿಲ್ರಿ, ಡಾಕ್ಟರ್‌ಗೂ ಹೇಳಿಲ್ಲ. ಅವರ ಸಲುವಾಗಿ ಹಂಗ ಬರೀರಿ. ಆದ್ರ ಸರ್, ನನ್ನ ಮೂರು ವಿಕೆಟ್ ಎಲ್ಲಿ ಇಡ್ತೀರಿ?”

ನನ್ನ ಬಳಿ ಜಾಗವಿರಲಿಲ್ಲ. ಅಪ್ಪನ ತಪ್ಪನ್ನು ಹೊಡೆದು ಹಾಕಿದರೆ ಮಗಳ ಇಡೀ ಕ್ರಿಕೆಟ್ ಹೋಗುತ್ತದೆ. ಮಗಳ ಮೂರು ವಿಕೆಟ್ ಉಳಿಸಿದರೆ ಅಪ್ಪ ಎಣ್ಣೆ ಬಿಸಿ ಮಾಡುತ್ತಲೇ ಇರಬೇಕು. ಓದುಗರೇ, ನಿಮಗೇನಾದರೂ ದಾರಿ ಕಂಡರೆ ಹೇಳಿ. ನನಗಂತೂ ಕಾಣುತ್ತಿಲ್ಲ.

೫ (ಇದು ಮುಕ್ತಾಯವಲ್ಲ)

ಕಳೆದ ಭಾನುವಾರ ಪ್ಯಾಂಟು ತರಲು ಹೋದೆ. ಅಲ್ಮಾಸ ಊರಿಗೆ ಬಂದಿದ್ದಳು. ಮನೆಯ ಕಟ್ಟೆಯ ಮೇಲೆ ಅಮೀನಸಾಬರು ಅವಳ ಹಿಂದೆ ಕೂತು ಜಡೆ ಹೆಣೆಯುತ್ತಿದ್ದರು. ಕೂದಲನ್ನು ಅಳತೆ ಹಿಡಿದಂತೆ ಮೂರು ಪಾಲು ಮಾಡಿಕೊಂಡಿದ್ದರು.

ನನ್ನನ್ನು ನೋಡಿ ಕೇಳಿದರು: “ಕಥಿ ಮುಗೀತೇನ್ರಿ ಸರ್?”

ಅಲ್ಮಾಸಳೂ ನನ್ನತ್ತ ನೋಡಿದಳು.

“ಇನ್ನೂ ಇಲ್ರಿ,” ಎಂದೆ.

ಇಬ್ಬರೂ ಒಟ್ಟಿಗೇ ನೆಮ್ಮದಿಯ ಉಸಿರು ಬಿಟ್ಟರು.