ಸಬ್‌ಟೈಟಲ್ ಕಾಣೆಯಾದ ವಾರ

ಟಿವಿ ಪ್ರಸಾರ ಕೇಂದ್ರದ ಇಂಜಿನಿಯರ್ ಆಸ್ಪತ್ರೆ ತಲುಪುವಷ್ಟರಲ್ಲಿ ಅವಳ ದೊಡ್ಡಮ್ಮನ ಬಲಗೈಗೆ ಪ್ಲಾಸ್ಟರ್ ಹಾಕಿ ಆಗಿತ್ತು. ದೊಡ್ಡಮ್ಮನಿಗೆ ಐವತ್ತು ದಾಟಿದ ಮೇಲೆ ಕಿವಿ ಪೂರ್ತಿ ಹೋಗಿದೆ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ಟಿವಿಯಲ್ಲಿ ಮಾತ್ರ ಪರದೆಯ ಕೆಳಗೆ ಬರುವ ಸಬ್‌ಟೈಟಲ್ಲೇ ಗತಿ.

"ಈ ವಯಸ್ಸಲ್ಲಿ ಸ್ಟೂಲ್ ಯಾಕೆ ಹತ್ತಿದ್ರಿ ದೊಡ್ಡಮ್ಮ?"

"ಆಂಟೆನಾ ತಿರುಗಿಸೋಕೆ ಕಣೇ. ಒಂದು ವಾರದಿಂದ ವಾರ್ತೇಲಿ ಅಕ್ಷರಾನೇ ಇಲ್ಲ. ಪಕ್ಕದ ಮನೆಯವಳ ಕೈಲಿ ನಿಮ್ಮ ಆಫೀಸಿಗೆ ಫೋನ್ ಮಾಡಿಸಿದೆ. ಅವರು ಹೇಳಿದ್ದನ್ನ ಬರೆದುಕೊಟ್ಟಿದಾಳೆ, ನೋಡು."

ಚೀಟಿಯಲ್ಲಿ ಹೀಗಿತ್ತು: ‘ನಿಮ್ಮ ಕಡೆ ಬಿಟ್ ಎರರ್ ರೇಟ್ ಜಾಸ್ತಿ ಇದೆ. ಆಂಟೆನಾ ತಿರುಗಿಸಿ ನೋಡಿ.’

"ಚಿತ್ರ ಒಡೆದು ಒಡೆದು ಬರ್ತಿತ್ತಾ?"

"ಇಲ್ವಲ್ಲ, ಕನ್ನಡಿ ಹಾಗಿತ್ತು."

ಇಂಜಿನಿಯರ್ ಚೀಟಿಯನ್ನು ಮತ್ತೊಮ್ಮೆ ಓದಿದಳು. ಸಿಗ್ನಲ್ ಕೆಟ್ಟಿದ್ದರೆ ಮೊದಲು ಚಿತ್ರವೇ ಚೂರುಚೂರಾಗಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಚೀಟಿಯಲ್ಲಿದ್ದ ಪದ ಅವಳದೇ. ದೂರು ವಿಭಾಗದವರಿಗಾಗಿ ಕಳೆದ ವರ್ಷ ಅವಳೊಂದು ಪುಟ್ಟ ಪದಪುಸ್ತಕ ಬರೆದುಕೊಟ್ಟಿದ್ದಳು. ಬಿಟ್ ರೇಟ್ ಎಂದರೆ ನಲ್ಲಿಯಲ್ಲಿ ನೀರು ಬರುವ ರಭಸ; ಮಲ್ಟಿಪ್ಲೆಕ್ಸ್ ಎಂದರೆ ಹಲವು ಚಾನೆಲ್‌ಗಳು ಒಟ್ಟಿಗೆ ಕೂತು ಬರುವ ಬಸ್ಸು; ಬಿಟ್ ಎರರ್ ರೇಟ್ ಎಂದರೆ ದಾರಿಯಲ್ಲಿ ಎಷ್ಟು ಸಾಮಾನು ಕೆಟ್ಟಿತೆಂಬ ಲೆಕ್ಕ. ಫೋನ್ ಮಾಡಿದವರಿಗೆ ಅರ್ಥವಾಗಲಿ ಎಂದು ರಾತ್ರಿಯೆಲ್ಲ ಕೂತು ಬರೆದದ್ದು.

ಆಸ್ಪತ್ರೆಯಿಂದ ನೇರವಾಗಿ ಪ್ರಸಾರ ಕೇಂದ್ರಕ್ಕೆ ಹೋಗಿ ಕಂಪ್ಯೂಟರ್ ತೆರೆದಳು. ಹಿಂದಿನ ವಾರ ಮಲ್ಟಿಪ್ಲೆಕ್ಸ್‌ಗೆ ಪಾತ್ರೆಪಗಡ ಮಾರುವ ಚಾನೆಲ್ಲೊಂದನ್ನು ತುರುಕಿದ್ದರು. ಆ ಗಡಿಬಿಡಿಯಲ್ಲಿ ಯಾರೋ ವಾರ್ತಾ ಚಾನೆಲ್ಲಿನ ಸಬ್‌ಟೈಟಲ್ಲನ್ನೇ ಕೈಬಿಟ್ಟಿದ್ದರು.

ದೂರು ವಿಭಾಗದ ಮ್ಯಾನೇಜರ್ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತಿದ್ದ.

"ತಪ್ಪು ನಮ್ಮಲ್ಲೇ ಆಗಿದೆ. ನಿಮಗೆ ಗೊತ್ತಿತ್ತಾ?"

"ಎರಡನೇ ದಿನಾನೇ ಗೊತ್ತಾಯ್ತು ಮೇಡಂ. ಒಪ್ಕೊಂಡ್ರೆ ಮೇಲಿನವರು ನಮ್ಮ ತಲೆ ಮೇಲೆ ಕೂರ್ತಾರೆ." ಮುಚ್ಚಳಕ್ಕೆ ಅಂಟಿದ್ದನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಅಡಿಗೆ ಒರೆಸಿದ. "ನಿಮ್ಮ ಪುಸ್ತಕ ಬಹಳ ಕೆಲಸಕ್ಕೆ ಬಂತು. ಅರ್ಥ ಬಿಡಿ, ಬರೀ ಪದ ಹೇಳಿ ಅಂದೆ ನಮ್ಮವರಿಗೆ. ಒಬ್ಬರೂ ಎರಡನೇ ಪ್ರಶ್ನೆ ಕೇಳಲ್ಲ!"

"ಕೈ ಮುರ್ಕೊಂಡು ಮಲಗಿದಾರೆ ಒಬ್ಬರು."

"ಅಯ್ಯೋ ಪಾಪ," ಎಂದು ನಕ್ಕ. "ಕಿವಿ ಕೇಳದವರು ಫೋನಲ್ಲಿ ಜಗಳ ಆಡಲ್ಲ, ಅದೊಂದು ಪುಣ್ಯ."

ಅದೇ ಕೈಯಲ್ಲಿ ಕುರ್ಚಿ ತೋರಿಸಿ "ಕೂತ್ಕೊಳಿ, ಕಾಫಿ ತರಿಸ್ತೀನಿ" ಎಂದ. ಅವಳಿಗೆ ಆ ಕೋಣೆಯ ಗಾಳಿಯನ್ನು ಉಸಿರಾಡಲೂ ಅಸಹ್ಯವಾಯಿತು. ಹೊರಬಂದಳು.

ಸಬ್‌ಟೈಟಲ್ ಮತ್ತೆ ಸೇರಿಸಲು ಹಿಡಿದದ್ದು ನಾಲ್ಕೇ ನಿಮಿಷ. ಆಮೇಲೆ ಯಾರನ್ನೂ ಕೇಳದೆ ವಾರ್ತೆಯ ಕೆಳಗೆ ಒಂದು ಸಾಲು ಓಡಿಸಿದಳು: ‘ಒಂದು ವಾರ ಸಬ್‌ಟೈಟಲ್ ಬಾರದಿದ್ದದ್ದು ನಮ್ಮ ತಪ್ಪು. ನಿಮ್ಮ ಆಂಟೆನಾ ಸರಿಯಾಗಿದೆ. ಮುಟ್ಟಬೇಡಿ.’ ಸಂಜೆಯ ವಾರ್ತೆಯಲ್ಲಿ ಅದು ಮೂರು ಸಲ ಬಂತು.

ಮರುದಿನವೇ ಅವಳನ್ನು ಹಳೆ ಕೇಬಲ್‌ಗಳ ಗೋದಾಮಿಗೆ ವರ್ಗ ಮಾಡಿದರು. ಮ್ಯಾನೇಜರ್ ಕುರ್ಚಿ ಅಲ್ಲಾಡಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬ ಪಕ್ಕದಲ್ಲಿ ಬಂದು ಕೂತು, ತಗ್ಗಿದ ದನಿಯಲ್ಲಿ ಹೇಳಿದ: "ಸಬ್‌ಟೈಟಲ್ ಕೈಬಿಟ್ಟವನು ನಾನೇ ಮೇಡಂ. ನನ್ನ ಹೆಸರು ಎಲ್ಲೂ ಎತ್ತಲಿಲ್ವಲ್ಲ, ದೊಡ್ಡ ಉಪಕಾರ ಆಯ್ತು." ಹಾಗೆಂದವನೇ ಅವಳ ಡಬ್ಬಿಯಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡ.

ಅವಳು ಡಬ್ಬಿಯನ್ನು ಅವನ ಕಡೆಗೆ ಸರಿಸಿ, ಎದ್ದು ಹೋಗಿ ಕೈ ತೊಳೆದುಕೊಂಡಳು.