ಕೌದಿ ಚೀಲದ ನವಿಲುಗಳು

ಹನ್ನೆರಡು ವರ್ಷದಿಂದ ಈ ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿರುವವಳು ನಾನು, ಹಿರಿ ಸೊಸೆ ಪ್ರಮೀಳಾ. ಅರ್ಧ ಸಂತೇಬೆನ್ನೂರಿನ ರವಿಕೆ ಅಳತೆ ನನಗೆ ಬಾಯಿಪಾಠ. ಆದರೂ ನಮ್ಮತ್ತೆ ಸರ್ವಮಂಗಳಮ್ಮ ತಮ್ಮ ಮದುವೆಯ ಮೊಳಕಾಲ್ಮೂರು ಸೀರೆ ಜೀರ್ಣವಾಯಿತೆಂದು ಪೆಟ್ಟಿಗೆಯಿಂದ ತೆಗೆದಾಗ, ಅದನ್ನು ಕೊಟ್ಟದ್ದು ನನ್ನ ಮೈದುನನ ಹೆಂಡತಿ ಮೇಘಶ್ರೀಗೆ. ಬಿಳಿಚೋಡಿನಿಂದ ಬಂದು ಎಂಟು ತಿಂಗಳೂ ಆಗಿರದವಳಿಗೆ!

“ನಿಮ್ಮೂರ ಕಡೆ ಕೌದಿ ಚಂದ ಹೊಲೀತಾರಂತಲ್ಲ. ಇದರಾಗೆ ನನಗೊಂದು ಹೆಗಲ ಚೀಲ ಮಾಡಿಕೊಡವ್ವ” ಎಂದರು.

ಆ ಸೀರೆಯ ಸೆರಗಿನಲ್ಲಿ ನೇಯ್ದ ನವಿಲುಗಳನ್ನು ನನಗೆ ಕೊಡಿ ಎಂದು ನಾನು ಬಾಯಿಬಿಟ್ಟು ಎರಡು ಸಲ ಕೇಳಿದ್ದೆ. ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ.

ಮೇಘಶ್ರೀ ಪಡಸಾಲೆಯಲ್ಲಿ ಹಳೇ ಪಂಚೆಯನ್ನು ಮೂರು ಪದರ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿದಳು. ಸೀರೆಯ ನವಿಲುಗಳು, ನಡುನಡುವೆ ನನ್ನದೇ ಬುಟ್ಟಿಯ ರವಿಕೆ ಚೂರುಗಳು. ಉದ್ದಕ್ಕೆ ಒಂದೇ ಹಾಸು. ಕೊನೆಗೆ ನಡುವೆ ಮಡಚಿ ಚೀಲ ಮಾಡುತ್ತಾಳಂತೆ. ನವಿಲುಗಳೆಲ್ಲ ಹಾಸಿನ ಒಂದೇ ತುದಿಯ ಕಡೆಗೆ ತಲೆ ಎತ್ತಿ ನಿಂತಿದ್ದವು. ನೋಡಿದ ಕೂಡಲೇ ನನಗೆ ತಿಳಿಯಿತು. ಕೌದಿಗೆ ಮೇಲು ಕೆಳಗು ಇಲ್ಲ, ಚೀಲಕ್ಕೆ ಇದೆ. ಮಡಚಿದರೆ ಒಂದು ಮಗ್ಗುಲಿನ ನವಿಲುಗಳು ತಲೆಕೆಳಗಾಗುತ್ತವೆ.

“ಅಕ್ಕ, ನೋಡ್ರಿ, ಹಿಂಗೆ ಇಟ್ಟರೆ ಸರಿ ಐತಾ?” ಎಂದು ಕೇಳಿದಳು.

“ಬಲು ಚಂದ ಐತೆ” ಎಂದೆ.

ಒಂಬತ್ತು ದಿನ ಕೈಯಲ್ಲೇ ಹೊಲಿದಳು. ಅಂಚಿನಿಂದ ಒಳಕ್ಕೆ ಸುತ್ತಿ ಬರುವ ಸಣ್ಣ ಹೊಲಿಗೆ, ಇರುವೆ ಸಾಲಿನ ಹಾಗೆ. ಅತ್ತೆ ಅವಳ ಪಕ್ಕ ಕೂತು ತಮ್ಮ ಮದುವೆಯ ಕಥೆ ಹೇಳಿದರು. ನನ್ನ ಮೆಷಿನ್ ಪಕ್ಕ ಅವರು ಒಂದು ದಿನವೂ ಕೂತವರಲ್ಲ. ಅವರಿಬ್ಬರೂ ನಕ್ಕಾಗಲೆಲ್ಲ ನಾನು ಪೆಡಲನ್ನು ಜೋರಾಗಿ ತುಳಿದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆ ದಪ್ಪದ ಮಗ್ಗುಲು ಕೂಡಿಸಿ ಹಿಡಿಕೆ ಹಚ್ಚಲು ಕೊನೆಗೆ ನನ್ನ ಮೆಷಿನ್ನಿಗೇ ಬಂದಳು. ಒಳಮೈ ಹೊರಗೆ ಮಾಡಿ ಮಡಚಿದ್ದರಿಂದ ಅವಳಿಗಿನ್ನೂ ತಪ್ಪು ಕಂಡಿರಲಿಲ್ಲ. ಆಗಲಾದರೂ ಹೇಳಬಹುದಿತ್ತು. ನಡುವೆ ಕತ್ತರಿಸಿ ಒಂದು ಭಾಗ ತಿರುಗಿಸಿ ಕೂಡಿಸಿದ್ದರೆ ಮುಗಿಯುತ್ತಿತ್ತು. ನಾನು ಎರಡೆರಡು ಸಲ ಹೊಲಿಗೆ ಓಡಿಸಿ ಭದ್ರ ಮಾಡಿಕೊಟ್ಟೆ.

ಅತ್ತೆ ಈ ಮಗ್ಗುಲು ನೋಡಿ ಹಿಗ್ಗಿದರು. ಚೀಲ ತಿರುಗಿಸಿ ಆ ಮಗ್ಗುಲು ನೋಡಿದರು. ನವಿಲುಗಳ ಕಾಲು ಮೇಲಿತ್ತು. ಮೇಘಶ್ರೀಯ ಮುಖ ಬಾಡಿಹೋಯಿತು. ಆದರೆ ಅತ್ತೆ ತಿರುಗಿದ್ದು ನನ್ನ ಕಡೆಗೆ.

“ಪ್ರಮೀಳಾ, ಅವಳಿಗಾದ್ರೂ ತಿಳೀಲಿಲ್ಲ. ನಿನಗೂ ಕಾಣ್ಲಿಲ್ಲೇನು?”

ಮೇಘಶ್ರೀ ನನ್ನನ್ನೇ ನೋಡಿದಳು. ನಾನು ಚಂದ ಐತೆ ಎಂದದ್ದು ಯಾಕೆಂದು ಅವಳಿಗೀಗ ಗೊತ್ತಾಗಿತ್ತು. ಅವಳು ಹೇಳಿಬಿಡಲಿ, ಜಗಳವಾದರೂ ಆಗಲಿ ಎಂದುಕೊಂಡೆ.

“ಅಕ್ಕ ಮೊದಲೇ ಹೇಳಿದ್ರು, ಅತ್ತೆ. ನಾನೇ ಕೇಳ್ಲಿಲ್ಲ” ಎಂದಳು ಮೇಘಶ್ರೀ.

ಅತ್ತೆ ಅವಳ ತಲೆ ಸವರಿ, “ಹೋಗ್ಲಿ ಬಿಡವ್ವ, ಕಲಿಯಾಕೆ ಇನ್ನೂ ಟೈಮ್ ಐತೆ” ಎಂದರು. ನಾನು ಹೋಗಿ ಮೆಷಿನ್ ಮುಂದೆ ಕೂತೆ. ಇಷ್ಟು ದಿನ ಅವಳ ಕೈಗೆಲಸವೊಂದೇ ನನ್ನ ಕಣ್ಣು ಕುಕ್ಕುತ್ತಿತ್ತು. ಈಗ ಅವಳ ಒಳ್ಳೆಯತನವನ್ನೂ ಸಹಿಸಬೇಕು.