ಅರ್ಧ ಕ್ಷೌರ

ಅಣ್ಣನ ಬಲಗೆನ್ನೆ ನುಣ್ಣಗಾದ ಮೇಲೆ ತಮ್ಮ ಕತ್ತಿಯನ್ನು ಮಡಚಿ ಕನ್ನಡಿಯ ಕೆಳಗಿಟ್ಟ. ಎಡಗೆನ್ನೆಯ ತುಂಬ ನೊರೆ ಹಾಗೇ ಇತ್ತು.

“ಯಾಕೋ, ಕೈ ನೋಯ್ತಾ?”

“ಇಲ್ಲ. ಉಳಿದಿದ್ದು ಕಣ್ಣಾಸ್ಪತ್ರೆಗೆ ಹೋಗಿ ಬಂದಮೇಲೆ.”

ಇಬ್ಬರದೂ ಒಂದೇ ಅಂಗಡಿ, ಅಕ್ಕಪಕ್ಕ ಎರಡು ಕುರ್ಚಿ. ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಒಬ್ಬರಿಗೊಬ್ಬರು ಕ್ಷೌರ ಮಾಡುವುದು ಮೂವತ್ತು ವರ್ಷಗಳ ರೂಢಿ. ತಮ್ಮನಿಗೆ ಕತ್ತಿ ಹಿಡಿಯುವುದನ್ನು ಕಲಿಸಿದವನು ಅಣ್ಣ. ಆ ಕಲಿಕೆಯಲ್ಲಿ ಮೊದಲು ಗಾಯಗೊಂಡ ಗದ್ದವೂ ಅವನದೇ.

ಹೋದ ತಿಂಗಳು ನಿವೃತ್ತ ಪೋಸ್ಟ್‌ಮ್ಯಾನ್ ಅಂಗಡಿಗೆ ವಾಪಸು ಬಂದಿದ್ದರು. “ಒಂದು ಕಿವಿಯ ಮುಂದೆ ಕೂದಲು ಬೆರಳುದ್ದ ಬಿಟ್ಟಿದ್ದೀಯಲ್ಲಪ್ಪ. ನನ್ನ ಹೆಂಡತಿ ಒಂದೇ ಕಡೆಯಿಂದ ನನ್ನ ನೋಡ್ಬೇಕೇನು?” ತಮ್ಮ ನಕ್ಕು ಸರಿಮಾಡಿದ್ದ. ಅದೇ ವಾರ ಇನ್ನಿಬ್ಬರು ಅದೇ ದೂರು ತಂದಾಗ ಅವನಿಗೆ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ತಮ್ಮನ ಕಣ್ಣು ನೋಡಿ ಡಾಕ್ಟರಮ್ಮ ಗ್ಲಾಕೋಮಾ ಅಂದರು. ಕಣ್ಣಿನ ನರ ಸವೆಯುತ್ತ ನೋಟ ಅಂಚಿನಿಂದ ಕರಗುತ್ತದೆ; ನೋವಿಲ್ಲ, ಸುಳಿವಿಲ್ಲ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯಲು ದಿನವೂ ಹನಿ ಹಾಕಬೇಕು. “ಪ್ರಪಂಚದಲ್ಲಿ ಕೋಟ್ಯಂತರ ಜನಕ್ಕೆ ಇದೆ. ಅವರಲ್ಲಿ ಅರ್ಧ ಜನಕ್ಕೆ ಇದೆ ಅಂತಲೇ ಗೊತ್ತಿಲ್ಲ. ಒಡಹುಟ್ಟಿದವರಿದ್ರೆ ಕರ್ಕೊಂಡು ಬನ್ನಿ,” ಎಂದಿದ್ದರು.

ಅಂದಿನಿಂದ ತಮ್ಮ ಗಿರಾಕಿಯ ಸುತ್ತ ಓಡಾಡುವುದನ್ನು ಬಿಟ್ಟು ಕುರ್ಚಿಯನ್ನೇ ತಿರುಗಿಸಿಕೊಳ್ಳುತ್ತಿದ್ದ. ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಅಳೆಯುತ್ತಿದ್ದ. ಆ ಕೆಲಸವೂ ಕೈಗೆ ಹತ್ತಿತು. ಅಣ್ಣನನ್ನು ಹೊರಡಿಸುವುದು ಮಾತ್ರ ಆಗಿರಲಿಲ್ಲ.

“ರಸ್ತೆ ಆಚೆ ಬೋರ್ಡು ಓದಿ ತೋರಿಸ್ಲಾ?” ಈಗ ನೊರೆಯ ಮುಖದಲ್ಲೇ ಅಣ್ಣ ಕೇಳಿದ. “ನನ್ನ ಕಣ್ಣಿಗೇನು ಬಂದಿದೆ?”

“ಓದೋದು ನಾನೂ ಓದ್ತೀನಿ. ಅಮ್ಮನೂ ಸೂಜಿಗೆ ದಾರ ಪೋಣಿಸ್ತಿದ್ಲು. ಬಾಗಿಲಿಗೆ ಮಾತ್ರ ಭುಜ ತಾಗಿಸ್ಕೊಳ್ತಿದ್ಲು. ವಯಸ್ಸಾಯ್ತು ಅಂದ್ಕೊಂಡ್ವಿ. ಕೊನೆಗೆ ನಮ್ಮ ಮುಖವೂ ಕಾಣ್ಲಿಲ್ಲ ಅವಳಿಗೆ.”

ಅಣ್ಣ ಕೈ ಚಾಚಿ, “ಕತ್ತಿ ಕೊಡು. ನಾನೇ ಮಾಡ್ಕೋತೀನಿ,” ಎಂದ.

“ಕೊಡ್ತೀನಿ. ಮೊದಲು ಒಂದು ಪರೀಕ್ಷೆ.”

ತಮ್ಮ ಕುರ್ಚಿಯನ್ನು ಕನ್ನಡಿಯಿಂದ ಗೋಡೆಯ ಗಡಿಯಾರದ ಕಡೆಗೆ ತಿರುಗಿಸಿದ. ಟವೆಲಿನಿಂದ ಅಣ್ಣನ ಬಲಗಣ್ಣು ಮುಚ್ಚಿದ. ಬಟ್ಟಲಿನ ನೀರಿನಲ್ಲಿ ಕೈ ತೊಳೆದುಕೊಂಡ.

“ಗಡಿಯಾರ ಬಿಟ್ಟು ಬೇರೆಲ್ಲೂ ನೋಡ್ಬೇಡ. ನನ್ನ ಕೈ ಕಂಡ ಕೂಡಲೇ ಹೇಳು.”

“ಎತ್ತು ಮತ್ತೆ.”

ಅಣ್ಣ ಗಡಿಯಾರವನ್ನೇ ನೋಡುತ್ತ ಕಾದ.

“ಲೋ, ಜನ ಬರೋ ಹೊತ್ತಾಯ್ತು. ಎತ್ತೋ.”

ತಣ್ಣನೆಯ ಹನಿಯೊಂದು ಅಣ್ಣನ ಮುಂಗೈ ಮೇಲೆ ಬಿತ್ತು. ಅವನು ಬೆಚ್ಚಿ ಕಣ್ಣು ಹೊರಳಿಸಿದ. ಮೂಗಿನ ಮೇಲ್ಗಡೆ, ತುಸು ಬಲಕ್ಕೆ, ತಮ್ಮನ ಒದ್ದೆ ಕೈ ಐದೂ ಬೆರಳು ಅಗಲಿಸಿಕೊಂಡು ನಿಂತಿತ್ತು.

“ಯಾವಾಗ ತಂದೆ ಅದನ್ನ?”

“ನೀನು ಎತ್ತು ಅನ್ನೋಕೆ ಮುಂಚೆ.”

ಎಡಗೆನ್ನೆಯ ನೊರೆ ಒಣಗಿ ಚರ್ಮ ಬಿಗಿಯತೊಡಗಿತ್ತು. ಅಣ್ಣ ಮುಂಗೈ ಮೇಲಿನ ಹನಿಯನ್ನು ಒರೆಸಿಕೊಳ್ಳದೆ ನೋಡುತ್ತಿದ್ದ.

“ಬಾಗಿಲಿಗೊಂದು ಚೀಟಿ ಅಂಟಿಸು,” ಎಂದ ಕೊನೆಗೆ. “ಮಧ್ಯಾಹ್ನದ ಮೇಲೆ ತೆರೀತೀವಿ ಅಂತ. ಆದ್ರೆ ಈ ಮೂತಿ ಹೊತ್ಕೊಂಡು ನಾನು ಬರಲ್ಲ. ಡಾಕ್ಟರಮ್ಮ ಒಂದೇ ಕಣ್ಣು ನೋಡಿ ಕಳಿಸಿಯಾರು.”

ತಮ್ಮ ಚೀಟಿ ಅಂಟಿಸಿ ಬಂದು ಹೊಸ ನೊರೆ ಹಚ್ಚಿದ. ಎಡಗೆನ್ನೆ ಬೆಳಕಿಗೆ ಬರುವವರೆಗೂ ಕುರ್ಚಿಯನ್ನು ನಿಧಾನವಾಗಿ ತಿರುಗಿಸಿ, ಕತ್ತಿ ಬಿಚ್ಚಿದ.

“ನಿನಗೆ ಸರಿಯಾಗಿ ಕಾಣುತ್ತೇನೋ?”

“ಕಾಣೋ ಕಡೆಗೆ ತಿರುಗಿಸ್ಕೊಂಡಿದ್ದೀನಿ.”

ಅಣ್ಣ ಕಣ್ಣು ಮುಚ್ಚಿದ. ಗದ್ದವನ್ನು ಮೇಲಕ್ಕೆತ್ತಿ, ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ಕುಳಿತ.